ಅಂಟಿಲ್ಲದ ಮೇಜಿನ ದೀಪ: ವಾಲ್ವ್ ತಿರುಗಿಸಿದರೆ ಬೆಳಕು

ಈ ದೀಪದಲ್ಲಿ ಒಂದು ಹನಿ ಅಂಟೂ ಇಲ್ಲ. ಎರಡು ಪಾನ, ಒಂದು ಸ್ಕ್ರೂಡ್ರೈವರ್, ಒಂದು ಅಲೆನ್ ಕೀ ಇದ್ದರೆ ಪೂರ್ತಿ ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಕಂಬ ಕಬ್ಬಿಣದ ಪೈಪಿನದ್ದು, ಕೈ ಮತ್ತು ತಲೆ ಹಿತ್ತಾಳೆಯವು. ಬೆಳಕು ಹೆಚ್ಚು ಕಡಿಮೆ ಮಾಡಲು ನೀರಿನ ವಾಲ್ವಿನ ಚಕ್ರ ಇದೆ. ಎಷ್ಟು ವಿದ್ಯುತ್ ಹೋಗುತ್ತಿದೆ ಅಂತ ತೋರಿಸಲು ಮುಳ್ಳಿನ ಮೀಟರ್ ಇದೆ. ನೋಡಿದವರು ಸ್ಟೀಮ್‌ಪಂಕ್ ಅನ್ನುತ್ತಾರೆ. ಹೌದು, ಅದೇ.

ಇದನ್ನು ಮಾಡಲು ಕಾರಣ ಕೆಟ್ಟುಹೋದ ಇನ್ನೊಂದು ದೀಪ. ಅದರ ಎಲ್‌ಇಡಿ ಚೆನ್ನಾಗಿತ್ತು, 12 ವೋಲ್ಟಿನ ಅಡಾಪ್ಟರ್ ಚೆನ್ನಾಗಿತ್ತು. ಮುಟ್ಟಿದರೆ ಬೆಳಕು ಬದಲಾಯಿಸುವ ಪುಟ್ಟ ಸರ್ಕ್ಯೂಟ್ ಮಾತ್ರ ಸತ್ತಿತ್ತು. ಆದರೆ ಪ್ಲಾಸ್ಟಿಕ್ ಮೈಯ ಎರಡೂ ಭಾಗಗಳನ್ನು ಕರಗಿಸಿ ಬೆಸೆದಿದ್ದರು. ಒಡೆಯದೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಚೆನ್ನಾಗಿರುವ ಮುಕ್ಕಾಲು ಭಾಗವನ್ನು ಒಂದು ಸಣ್ಣ ಚಿಪ್‌ಗಾಗಿ ಎಸೆಯಬೇಕು ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ.

ಸ್ಟೀಮ್‌ಪಂಕ್ ಅಂದರೆ ಹಬೆ ಯಂತ್ರಗಳ ಕಾಲದ ರೂಪವನ್ನು ಇವತ್ತಿನ ವಸ್ತುಗಳಿಗೆ ತರುವುದು. ಬಹಳ ಜನ ಅದನ್ನು ಬರೀ ಅಲಂಕಾರ ಅಂದುಕೊಳ್ಳುತ್ತಾರೆ. ಟೋಪಿಗೆ ಹಲ್ಲುಚಕ್ರ, ಫೋನ್ ಕವರಿಗೆ ಹಲ್ಲುಚಕ್ರ, ಬ್ಯಾಟರಿ ಗಡಿಯಾರದ ಮೈಮೇಲೆ ಸುಮ್ನೆ ಅಂಟಿಸಿದ ಹಲ್ಲುಚಕ್ರ. ಆದರೆ 19ನೇ ಶತಮಾನದ ಯಂತ್ರಗಳು ಹಾಗೆ ಕಾಣಲು ಕಾರಣ ಇತ್ತು. ಬೋಲ್ಟ್ ಹೊರಗಿತ್ತು, ಯಾಕೆಂದರೆ ಅದನ್ನು ಆಗಾಗ ಬಿಗಿ ಮಾಡಬೇಕಿತ್ತು. ಕೀಲು ಬಯಲಲ್ಲಿತ್ತು, ಎಣ್ಣೆ ಬಿಡಬೇಕಿತ್ತಲ್ವಾ. ಮೀಟರ್ ಕಣ್ಣೆದುರಿಗಿತ್ತು, ಒತ್ತಡ ಮೀರಿದರೆ ಬಾಯ್ಲರ್ ಸಿಡಿಯುತ್ತಿತ್ತು. ರಿಪೇರಿ ಮಾಡುವವನ ಅನುಕೂಲದಿಂದಲೇ ಆ ರೂಪ ಬಂದದ್ದು. ಆ ರೂಪದ ಜೊತೆ ಅದರ ಕಾರಣವನ್ನೂ ತಂದುಕೊಂಡರೆ ಸ್ಟೀಮ್‌ಪಂಕ್ ಇವತ್ತಿಗೂ ತುಂಬಾ ಉಪಯೋಗದ್ದು. ಹಾಗಾಗಿ ಈ ದೀಪಕ್ಕೆ ಒಂದೇ ನಿಯಮ: ಕಣ್ಣಿಗೆ ಕಾಣುವ ಪ್ರತಿ ಭಾಗವೂ ಏನಾದರೂ ಕೆಲಸ ಮಾಡಬೇಕು.

ಪೈಪು

ಅರ್ಧ ಇಂಚಿನ ಪೈಪು, ಅದರದ್ದೇ ಎಲ್ಬೋ (ಬಾಗು), ಟೀ (ಮೂರು ಬಾಯಿಯದ್ದು), ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ತುಂಡು), ಫ್ಲೇಂಜ್ (ಪೀಠಕ್ಕೆ ಬಿಗಿಯುವ ಬಿಲ್ಲೆ). ಹೊಸಬರಿಗೆ ಒಂದು ಮಾತು. ಅರ್ಧ ಇಂಚು ಅನ್ನುವುದು ಬರೀ ಹೆಸರು. ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್ಡಿನ ಹೊರ ಅಳತೆ 20.955 ಮಿ.ಮೀ., ಇಂಚಿಗೆ 14 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ಈ 55 ಡಿಗ್ರಿ ಬಂದದ್ದು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ಮುಂದಿಟ್ಟ ಅಳತೆಯಿಂದ. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಯ ಸ್ಕ್ರೂ ಒಂದೊಂದು ಥರ ಇರುತ್ತಿತ್ತು. ಒಬ್ಬರ ನಟ್ ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಇವತ್ತು ಎಲ್ಲಿಂದಲೋ ತಂದ ಎಲ್ಬೋ ಇನ್ನೆಲ್ಲಿಂದಲೋ ತಂದ ಪೈಪಿಗೆ ಕೂರುವುದರ ಹಿಂದೆ ಆ ಕೆಲಸ ಇದೆ. ರಿಪೇರಿಯ ದೃಷ್ಟಿಯಿಂದ ಇಂಥ ಸಾಮಾನ್ಯ ಅಳತೆಗಿಂತ ದೊಡ್ಡ ವರ ಇಲ್ಲ.

ಅಮೆರಿಕದ ಎನ್‌ಪಿಟಿ ಥ್ರೆಡ್ ಮಾತ್ರ ಬೆರೆಸಬೇಡಿ. ಅರ್ಧ ಇಂಚಿನಲ್ಲಿ ಅದಕ್ಕೂ ಇಂಚಿಗೆ 14 ಸುತ್ತೇ. ಆದ್ದರಿಂದ ಮೊದಲ ಸುತ್ತುಗಳು ಸಲೀಸಾಗಿ ಹೋಗುತ್ತವೆ. ಆದರೆ ಅದರ ಕೋನ 60 ಡಿಗ್ರಿ. ಬಲ ಹಾಕಿದರೆ ಎರಡರ ಥ್ರೆಡ್ಡೂ ಹಾಳು.

ಪೈಪಿನ ಥ್ರೆಡ್ ಸಾಮಾನ್ಯವಾಗಿ ತುದಿಯ ಕಡೆಗೆ ಸಣ್ಣ ಆಗುತ್ತಾ ಹೋಗುತ್ತದೆ. ನೀರು ಸೋರದಿರಲು ಅದು ಒಳ್ಳೆಯದು, ದೀಪಕ್ಕೆ ತೊಂದರೆ. ಎಲ್ಬೋ ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲುತ್ತದೆ, ನಮಗೆ ಬೇಕಾದ ದಿಕ್ಕಿಗೆ ನಿಲ್ಲುವುದಿಲ್ಲ. ಆದ್ದರಿಂದ ದಿಕ್ಕು ಮುಖ್ಯವಾದ ಕಡೆ ನೇರ ಥ್ರೆಡ್ಡಿನ ಉದ್ದ ನಿಪ್ಪಲ್ ಹಾಕಿ, ಹಿಂದಿನಿಂದ ಚೆಕ್ ನಟ್ ಬಿಗಿ ಮಾಡಿದೆ. ಎಲ್ಬೋವನ್ನು ಬೇಕಾದ ಕಡೆ ತಿರುಗಿಸಿ ನಟ್ ಬಿಗಿದರೆ ಮುಗಿಯಿತು. ಆ ನಟ್ ಹೊರಗೆ ಕಾಣುತ್ತದೆ. ಕಾಣಲಿ, ಅದಕ್ಕೂ ಕೆಲಸ ಇದೆ.

ಹೊಸ ಪೈಪಿನ ಒಳಗೆ ಥ್ರೆಡ್ ಕತ್ತರಿಸುವಾಗಿನ ಎಣ್ಣೆ, ಲೋಹದ ಚೂರು ಎಲ್ಲಾ ಇರುತ್ತವೆ. ಬಿಸಿನೀರು, ಸೋಪು ಹಾಕಿ ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಪ್ರತಿ ತುದಿಯ ಒಳ ಅಂಚನ್ನು ದುಂಡು ಅರದಿಂದ ಉಜ್ಜಿ ಮೊಂಡು ಮಾಡಬೇಕು. ಈ ಹೆಜ್ಜೆ ಬಿಡಲೇಬಾರದು. ವೈರ್ ಎಳೆಯುವಾಗ ಆ ಅಂಚು ಅದರ ಮೇಲಿನ ಹೊದಿಕೆಯನ್ನು ಸೀಳುತ್ತದೆ. ಎಲ್ಬೋಗಳ ಮೂಲಕ ವೈರ್ ತೂರಿಸಲು ಒಂದು ಉಪಾಯ ಇದೆ. ತೆಳು ದಾರದ ತುದಿಗೆ ಸ್ಪಂಜಿನ ಚೂರು ಕಟ್ಟಿ ಒಂದು ಕಡೆ ಬಿಡಿ, ಇನ್ನೊಂದು ಕಡೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ದಾರ ಕ್ಷಣದಲ್ಲಿ ಆಚೆ ಬರುತ್ತದೆ. ಆಮೇಲೆ ದಾರಕ್ಕೆ ವೈರ್ ಕಟ್ಟಿ ಎಳೆದರೆ ಆಯಿತು.

ಪೈಪಿನೊಳಗೆ ಹೋಗುವುದು 12 ವೋಲ್ಟ್ ಮಾತ್ರ. ಗೋಡೆಯ ಕರೆಂಟನ್ನು ನೇರವಾಗಿ ಲೋಹದ ಪೈಪಿನೊಳಗೆ ತರಬೇಡಿ. ತರಲೇಬೇಕು ಅಂದರೆ ಪೂರ್ತಿ ಮೈಗೆ ಅರ್ಥಿಂಗ್ ಬೇಕು, ಆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಬೇಕು. ಹಳೆ ದೀಪದ ಅಡಾಪ್ಟರ್ 2 ಆಂಪಿಯರ್‌ದು, ಅದನ್ನೇ ಇಲ್ಲಿ ಬಳಸಿದೆ. ಅದರ ಮುಂದೆ 1 ಆಂಪಿಯರಿನ ಗಾಜಿನ ಫ್ಯೂಸ್ ಹಾಕಿದೆ, ಅದೂ ಹೊರಗೆ ಕಾಣುವ ಹಾಗೆ. ತಂತಿ ಕರಗಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ.

ವಾಲ್ವ್

ನನಗೆ ಈ ದೀಪದಲ್ಲಿ ಎಲ್ಲಕ್ಕಿಂತ ಪ್ರೀತಿಯ ಭಾಗ ಇದೇ. ಹಿತ್ತಾಳೆಯ ಗೇಟ್ ವಾಲ್ವ್ ತೆಗೆದುಕೊಂಡೆ. ಮೇಲಿನ ಮುಚ್ಚಳ ಬಿಚ್ಚಿ ಒಳಗೆ ನೀರು ತಡೆಯುವ ಗೇಟನ್ನು ತೆಗೆದೆ. ಈಗ ಚಕ್ರ ತಿರುಗಿಸಿದರೆ ಅದರ ಕೆಳಗಿನ ದಂಡು, ಅಂದರೆ ಸ್ಪಿಂಡಲ್, ಇದ್ದಲ್ಲೇ ಸುಮ್ನೆ ತಿರುಗುತ್ತದೆ. ಸ್ಪಿಂಡಲ್ಲಿನ ಕೆಳತುದಿಯ ಥ್ರೆಡ್ ಕತ್ತರಿಸಿ, ಅರದಿಂದ ಉಜ್ಜಿ 6 ಮಿ.ಮೀ.ಗೆ ತಂದೆ. ವಾಲ್ವಿನ ತಳಕ್ಕೆ 7 ಮಿ.ಮೀ. ತೂತು ಕೊರೆದು, ಕೆಳಗಿನಿಂದ ಪೊಟೆನ್ಷಿಯೋಮೀಟರ್ (ದಂಡು ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಕೂರಿಸಿದೆ. ಅದರ ದಂಡೂ 6 ಮಿ.ಮೀ. ಎರಡನ್ನೂ ಸಣ್ಣ ಹಿತ್ತಾಳೆಯ ಕಪ್ಲಿಂಗ್‌ನಿಂದ ಸೇರಿಸಿದೆ. ಕಪ್ಲಿಂಗ್ ಸ್ಕ್ರೂ ಬಿಗಿ ಮಾಡಲು ವಾಲ್ವಿನ ಬಾಯಿಯಿಂದಲೇ ಅಲೆನ್ ಕೀ ಹಾಕಬಹುದು. ಪೊಟೆನ್ಷಿಯೋಮೀಟರಿನ ಮೈ ಮರದ ಪೀಠದ ಒಳಗೆ ಅಡಗುತ್ತದೆ.

ಇಲ್ಲಿ ಬಲದ ಲೆಕ್ಕ ನೋಡಬೇಕು. ಮಾಮೂಲಿ ಪೊಟೆನ್ಷಿಯೋಮೀಟರ್ ಸುಮಾರು 300 ಡಿಗ್ರಿ ತಿರುಗಿ ನಿಲ್ಲುತ್ತದೆ. ಅದರೊಳಗೆ ದಂಡನ್ನು ನಿಲ್ಲಿಸುವ ತಡೆ ಬೆರಳ ತುದಿಯಲ್ಲಿ ತಿರುಗಿಸುವ ಪುಟ್ಟ ಗುಂಡಿಗೆ ಸಾಕು. ಆದರೆ ಅಂಗೈಯಲ್ಲಿ ಹಿಡಿಯುವ ಚಕ್ರದಿಂದ ಬರುವ ಬಲ ಬಹಳ ಜಾಸ್ತಿ, ಒಂದೇ ಸಲಕ್ಕೆ ತಡೆ ಮುರಿಯಬಹುದು. ಅದಕ್ಕೆ ವಾಲ್ವಿನ ಮುಚ್ಚಳದ ಮೇಲೆ 280 ಡಿಗ್ರಿ ಅಂತರದಲ್ಲಿ ಎರಡು ಸ್ಕ್ರೂ ನೆಟ್ಟೆ. ಚಕ್ರದ ಕೆಳಗೆ ಒಂದು ಪಿನ್ ಹಾಕಿದೆ. ಚಕ್ರ ಆ ಸ್ಕ್ರೂಗಳಿಗೆ ತಾಗಿ ನಿಲ್ಲುತ್ತದೆ, ಪೊಟೆನ್ಷಿಯೋಮೀಟರಿನವರೆಗೆ ಬಲ ಹೋಗುವುದೇ ಇಲ್ಲ.

ಇನ್ನು ಗ್ಲ್ಯಾಂಡ್. ಚಕ್ರದ ಕೆಳಗೆ ಸ್ಪಿಂಡಲ್ ಸುತ್ತ ಇರುವ ಸಣ್ಣ ನಟ್ ಅದು. ಅದನ್ನು ಬಿಗಿ ಮಾಡಿದರೆ ಒಳಗಿನ ಪ್ಯಾಕಿಂಗ್ ಸ್ಪಿಂಡಲ್ಲನ್ನು ಒತ್ತಿ ಹಿಡಿಯುತ್ತದೆ, ನೀರು ಸೋರುವುದಿಲ್ಲ. ಜೇಮ್ಸ್ ವಾಟ್‌ಗೂ ಇದೇ ಬೇಕಾಗಿತ್ತು. ಅವನಿಗಿಂತ ಮುಂಚಿನ ನ್ಯೂಕಮನ್ ಹಬೆ ಯಂತ್ರದ ಸಿಲಿಂಡರಿಗೆ ಮೇಲೆ ಮುಚ್ಚಳವೇ ಇರಲಿಲ್ಲ. ವಾಟ್ ಮೇಲ್ಗಡೆಯನ್ನೂ ಮುಚ್ಚಿದ. ಆಗ ಪಿಸ್ಟನ್ ದಂಡು ಮುಚ್ಚಳದ ಮೂಲಕ ಓಡಾಡಬೇಕು, ಹಬೆ ಮಾತ್ರ ಹೊರಗೆ ಬರಬಾರದು. ಅದಕ್ಕೆ ದಂಡಿನ ಸುತ್ತ ಪ್ಯಾಕಿಂಗ್ ತುಂಬಿದ ಡಬ್ಬಿ ಹಾಕಿದ. ನಮ್ಮ ಎಷ್ಟೋ ನಲ್ಲಿಗಳಲ್ಲಿ ಇವತ್ತಿಗೂ ಇರುವುದು ಅದೇ ಉಪಾಯ.

ನನ್ನ ದೀಪದಲ್ಲಿ ತಡೆಯಲು ಹಬೆಯೂ ಇಲ್ಲ, ನೀರೂ ಇಲ್ಲ. ಆದರೂ ಗ್ಲ್ಯಾಂಡ್ ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ನಟ್ಟನ್ನು ಸ್ವಲ್ಪ ಬಿಗಿದರೆ ಚಕ್ರಕ್ಕೆ ಭಾರ ಬರುತ್ತದೆ. ಕೈ ಬಿಟ್ಟ ಜಾಗದಲ್ಲೇ ಅದು ನಿಲ್ಲುತ್ತದೆ. ಎಷ್ಟು ಗಟ್ಟಿ ಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ. ಮುಟ್ಟಿದರೆ ಕೆಲಸ ಮಾಡುವ ಗಾಜಿನ ಫಲಕದಲ್ಲಿ ಇಂಥ ಹೊಂದಾಣಿಕೆ ಎಲ್ಲಿ ಸಿಗುತ್ತೆ? ಕತ್ತಲೆಯಲ್ಲಿ ಕೈಯಾಡಿಸಿದರೆ ಚಕ್ರ ಸಿಗುತ್ತದೆ. ಒದ್ದೆ ಬೆರಳಿಗೂ ತಿರುಗುತ್ತದೆ, ದಪ್ಪ ಕೈಗವಸು ಹಾಕಿದ್ದರೂ ತಿರುಗುತ್ತದೆ. ಬೆರಳು ಗಂಟು ನೋವಿರುವವರು ಅಂಗೈಯಿಂದಲೇ ತಳ್ಳಬಹುದು.

ಯಾವ ಕಡೆ ತಿರುಗಿಸಿದರೆ ಬೆಳಕು ಹೆಚ್ಚಬೇಕು? ರೇಡಿಯೋ ಗುಂಡಿಯಾದರೆ ಬಲಕ್ಕೆ ತಿರುಗಿಸಿದರೆ ಜಾಸ್ತಿ. ನಲ್ಲಿಯಾದರೆ ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ಕೈಗೆ ಸಿಗುತ್ತಿರುವುದು ವಾಲ್ವಿನ ಚಕ್ರ, ಕೈಯ ಅಭ್ಯಾಸವೂ ವಾಲ್ವಿನದ್ದೇ. ಅದಕ್ಕೆ ಪೊಟೆನ್ಷಿಯೋಮೀಟರಿನ ಅಕ್ಕಪಕ್ಕದ ಎರಡು ವೈರ್ ಅದಲು ಬದಲು ಮಾಡಿ, ಎಡಕ್ಕೆ ತಿರುಗಿಸಿದರೆ ಬೆಳಕು ಬರುವ ಹಾಗೆ ಮಾಡಿದೆ. ಮೊದಲ ಸಲ ಮುಟ್ಟಿದವರೂ ತಡವರಿಸದೆ ತಿರುಗಿಸುತ್ತಾರೆ.

ಒಳಗಿನ ಸರ್ಕ್ಯೂಟ್ ಸರಳ. 555 ಟೈಮರ್ ಚಿಪ್, 100 ಕಿಲೋಓಮಿನ ಆ ಪೊಟೆನ್ಷಿಯೋಮೀಟರ್, 1 ಕಿಲೋಓಮಿನ ರೆಸಿಸ್ಟರ್, ಎರಡು 1ಎನ್4148 ಡಯೋಡ್, 10 ನ್ಯಾನೋಫ್ಯಾರಡ್ ಕೆಪಾಸಿಟರ್, ಕರೆಂಟನ್ನು ಸ್ವಿಚ್ಚಿನ ಹಾಗೆ ಹಚ್ಚಿ ಆರಿಸುವ ಒಂದು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್. ಇದು ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 1,400 ಸಲ ಆರಿಸಿ ಹಚ್ಚುತ್ತದೆ. ಹಚ್ಚಿದ ಹೊತ್ತು ಎಷ್ಟು ಉದ್ದವೋ ಅಷ್ಟು ಬೆಳಕು. ಕಣ್ಣಿಗೆ ಮಿಣುಕು ಕಾಣುವುದಿಲ್ಲ. 555 ಮಾರುಕಟ್ಟೆಗೆ ಬಂದದ್ದು 1972ರಲ್ಲಿ, ಈಗಲೂ ಎಲ್ಲಾ ಕಡೆ ಸಿಗುತ್ತದೆ. ಪ್ರೋಗ್ರಾಂ ಹಾಕಬೇಕಾದ ಚಿಪ್ ಬೇಕಂತಲೇ ಬಿಟ್ಟೆ. ಮುಂದೆ ಯಾರಾದರೂ ಇದನ್ನು ಬಿಚ್ಚಿದರೆ ಅವರಿಗೆ ನನ್ನ ಫೈಲುಗಳು ಬೇಕಾಗಬಾರದು. ಸಾಕೆಟ್‌ನಿಂದ ಚಿಪ್ ಕಿತ್ತು ಹೊಸದು ಒತ್ತಿದರೆ ಸಾಕು.

ಮೀಟರ್

ಇಂಥ ದೀಪಗಳಲ್ಲಿ ಒತ್ತಡದ ಮೀಟರ್ ಹಾಕಿರುವುದನ್ನು ತುಂಬಾ ನೋಡಿದ್ದೇನೆ. ಮುಳ್ಳು ಸದಾ ಸೊನ್ನೆಯಲ್ಲೇ. ಆ ಮೀಟರ್ ನಿಜಕ್ಕೂ ಚೆಂದದ ಉಪಕರಣ. 1849ರಲ್ಲಿ ಫ್ರಾನ್ಸಿನ ಯುಜೀನ್ ಬೂರ್ಡನ್ ಅದಕ್ಕೆ ಪೇಟೆಂಟ್ ಪಡೆದ. ಚಪ್ಪಟೆ ಮಾಡಿ ಬಗ್ಗಿಸಿದ ಒಂದು ಕೊಳವೆ ಒತ್ತಡ ಹೆಚ್ಚಿದಂತೆ ನೆಟ್ಟಗಾಗಲು ನೋಡುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಆದರೆ ದೀಪದಲ್ಲಿ ಅಳೆಯಲು ಒತ್ತಡವೇ ಇಲ್ಲ. ಕೆಲಸ ಇಲ್ಲದ ಮೇಲೆ ಅದಕ್ಕೆ ಇಲ್ಲಿ ಜಾಗವೂ ಇಲ್ಲ.

ನಾನು ಹಾಕಿದ್ದು ಹಳೆಯ ಉಪಕರಣದಿಂದ ತೆಗೆದ, ಕರೆಂಟ್ ಅಳೆಯುವ ದುಂಡು ಮೂವಿಂಗ್ ಕಾಯಿಲ್ ಮೀಟರ್. 1 ಮಿಲಿಆಂಪಿಯರಿಗೆ ಮುಳ್ಳು ಕೊನೆ ಮುಟ್ಟುತ್ತದೆ, ಕಾಯಿಲಿನ ರೆಸಿಸ್ಟೆನ್ಸ್ 100 ಓಮ್. ಇದನ್ನು 500 ಮಿಲಿಆಂಪಿಯರಿಗೆ ಹೊಂದಿಸಲು ಪಕ್ಕದಲ್ಲಿ 0.2 ಓಮಿನ ಶಂಟ್, ಅಂದರೆ ಹೆಚ್ಚಿನ ಕರೆಂಟನ್ನು ಪಕ್ಕದಿಂದ ಸಾಗಿಸುವ ರೆಸಿಸ್ಟರ್, ಕೊಟ್ಟೆ. ಲೆಕ್ಕ ಹೀಗೆ: ಕಾಯಿಲಿನ ಮೇಲೆ 1 ಮಿಲಿಆಂಪಿಯರಿಗೆ 0.1 ವೋಲ್ಟ್. ಅಷ್ಟೇ ವೋಲ್ಟಿನಲ್ಲಿ ಉಳಿದ 499 ಮಿಲಿಆಂಪಿಯರ್ ಶಂಟ್ ಮೂಲಕ ಹೋಗಬೇಕು. 0.1 ಭಾಗಿಸು 0.499, ಹೆಚ್ಚುಕಡಿಮೆ 0.2.

ಎಲ್‌ಇಡಿ ಆರಿ ಹತ್ತಿ ಮಾಡುತ್ತಿರುವಾಗ ಮುಳ್ಳು ನಡುಗುವುದಿಲ್ಲವೇ? ಇಲ್ಲ. ಈ ಜಾತಿಯ ಮೀಟರ್ ಅಷ್ಟು ವೇಗದ ಏರಿಳಿತವನ್ನು ಹಿಂಬಾಲಿಸಲಾರದು, ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಅದು ನಮಗೆ ಲಾಭ. ಅಡಾಪ್ಟರ್ ಸ್ಥಿರವಾಗಿ 12 ವೋಲ್ಟ್ ಕೊಡುತ್ತದೆ. ಸರಾಸರಿ ಕರೆಂಟನ್ನು 12ರಿಂದ ಗುಣಿಸಿದರೆ ನೇರವಾಗಿ ವಾಟ್. 500 ಮಿಲಿಆಂಪಿಯರ್ ಅಂದರೆ 6 ವಾಟ್. ಹಾಗಾಗಿ ಹಳೆ ಅಂಕಿಗಳ ಮೇಲೆ 0ಯಿಂದ 6ರವರೆಗೆ ವಾಟ್ ಬರೆದ ಹೊಸ ಕಾಗದ ಇಟ್ಟೆ. ಪೂರ್ತಿ ಬೆಳಕಿನಲ್ಲಿ ಮುಳ್ಳು 5ರ ಮೇಲೆ ನಿಲ್ಲುತ್ತದೆ.

ಇದು ಬರೀ ಚೆಂದಕ್ಕಲ್ಲ. ದೀಪ ಆರಿದೆ, ಮುಳ್ಳೂ ಸೊನ್ನೆ ಅಂದರೆ ಎಲ್ಲೋ ದಾರಿ ಕಡಿದಿದೆ: ಫ್ಯೂಸ್, ವೈರ್, ಇಲ್ಲಾ ಎಲ್‌ಇಡಿ. ದೀಪ ಆರಿದ್ದರೂ ಮುಳ್ಳು ಏರಿದೆ ಅಂದರೆ ಕರೆಂಟ್ ಬೇರೆ ಕಡೆ ಸೋರುತ್ತಿದೆ. ಚಕ್ರ ತಿರುಗಿಸಿದರೂ ಮುಳ್ಳು ಕದಲದಿದ್ದರೆ ಸರ್ಕ್ಯೂಟ್ ನೋಡಬೇಕು. ಮಲ್ಟಿಮೀಟರ್ ತರುವ ಮುಂಚೆಯೇ ಅರ್ಧ ಪತ್ತೆ ಕೆಲಸ ಮುಗಿದಿರುತ್ತದೆ. ಇನ್ನೊಂದು ಸಂಗತಿ ಗಮನಕ್ಕೆ ಬಂತು. ಎದುರಿಗೆ ಮುಳ್ಳು ಇದ್ದರೆ ಅಗತ್ಯಕ್ಕಿಂತ ಜಾಸ್ತಿ ಬೆಳಕು ಇಟ್ಟುಕೊಳ್ಳುವ ಅಭ್ಯಾಸ ತಾನಾಗಿ ಕಡಿಮೆ ಆಗುತ್ತದೆ. ಓದಲು ನನಗೆ 3 ವಾಟ್ ಸಾಕಾಗುತ್ತದೆ ಅಂತ ಗೊತ್ತಾದದ್ದು ಹೀಗೆ.

ತಲೆ

ಎಲ್‌ಇಡಿಗೆ ಬಿಸಿಯೇ ಶತ್ರು. ಹೋದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಬೆಳಕಾಗದೆ ಬಿಸಿಯಾಗುತ್ತದೆ. ಇಲ್ಲಿ ಹಿತ್ತಾಳೆ ನೆರವಿಗೆ ಬರುತ್ತದೆ. ಅಲ್ಯೂಮಿನಿಯಂನಷ್ಟು ಚೆನ್ನಾಗಿ ಬಿಸಿ ಸಾಗಿಸುವುದಿಲ್ಲ, ಆದರೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಲವು ಪಟ್ಟು ಮೇಲು. 4 ಮಿ.ಮೀ. ದಪ್ಪದ ಹಿತ್ತಾಳೆ ಬಿಲ್ಲೆಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಸವರಿ, 2700 ಕೆಲ್ವಿನ್ನಿನ ಹಳದಿ ಬೆಳಕಿನ ಎಲ್‌ಇಡಿಯನ್ನು ಸ್ಕ್ರೂನಿಂದ ಕೂರಿಸಿದೆ. ಬಿಲ್ಲೆಯನ್ನು ಗಂಟೆ ಆಕಾರದ ಹಿತ್ತಾಳೆ ಮುಚ್ಚಳಕ್ಕೆ ಬಿಗಿದೆ. ಈಗ ದೀಪದ ತಲೆಯೇ ಹೀಟ್ ಸಿಂಕ್, ಅಂದರೆ ಬಿಸಿಯನ್ನು ಹೊರಗೆ ಬಿಡುವ ಭಾಗ. ಎಷ್ಟು ಹೊತ್ತು ಉರಿದರೂ ಕೈಗೆ ಬೆಚ್ಚಗಿರುತ್ತದೆ, ಸುಡುವುದಿಲ್ಲ.

ಹೊಳಪಿನ ವಿಷಯಕ್ಕೆ ಬರೋಣ. ಫಳಫಳ ಹೊಳೆಯುವ ಹಿತ್ತಾಳೆ ಬಿಸಿಯನ್ನು ಹೊರಗೆ ಸೂಸುವುದರಲ್ಲಿ ಬಹಳ ಜಿಪುಣ. ಅದರ ಎಮಿಸಿವಿಟಿ (ಬಿಸಿ ಸೂಸುವ ಗುಣದ ಅಳತೆ, ಹೆಚ್ಚೆಂದರೆ 1) 0.1ಕ್ಕಿಂತ ಕಡಿಮೆ. ಚೆನ್ನಾಗಿ ಕಪ್ಪಿಟ್ಟ ಹಿತ್ತಾಳೆಯದ್ದು 0.6ರ ಸುಮಾರು. ಅಂದರೆ ಕಪ್ಪಾದ ಹಿತ್ತಾಳೆ ಎಲ್‌ಇಡಿಯನ್ನು ಹೆಚ್ಚು ತಣ್ಣಗೆ ಇಡುತ್ತದೆ. ಆದ್ದರಿಂದ ತಲೆಯ ಹೊರಮೈಯನ್ನು ಉಜ್ಜುವುದಿಲ್ಲ, ವಾರ್ನಿಶ್ ಹೊಡೆಯುವುದೂ ಇಲ್ಲ. ಒಳಗಡೆ ಮಾತ್ರ ಬಿಳಿ ಬಣ್ಣ, ಬೆಳಕು ಕೆಳಗೆ ಬೀಳಲಿ ಅಂತ.

ಚಕ್ರಕ್ಕೂ ವಾರ್ನಿಶ್ ಇಲ್ಲ, ಅದಕ್ಕೆ ಬೇರೆ ಕಾರಣ. ವಾಲ್ವಿನ ಜೊತೆ ಬಂದದ್ದು ಬಣ್ಣ ಬಳಿದ ಕಬ್ಬಿಣದ ಚಕ್ರ. ಅದನ್ನು ತೆಗೆದು ಹಿತ್ತಾಳೆಯದ್ದು ಹಾಕಿದೆ. ತಾಮ್ರ ಹೆಚ್ಚಿರುವ ಲೋಹಗಳ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ. 2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳೆಂದು ನೋಂದಾಯಿಸಿತು. ವಾರ್ನಿಶ್ ಹೊಡೆದರೆ ಕೈಗೂ ಲೋಹಕ್ಕೂ ನಡುವೆ ಪೊರೆ ಬಂದು ಈ ಗುಣ ಸಿಗುವುದಿಲ್ಲ. ಹಲವರು ಮುಟ್ಟುವ ಹಿಡಿ, ಚಿಲಕ, ಸ್ವಿಚ್ಚುಗಳಿಗೆ ಬರೀ ಹಿತ್ತಾಳೆ ಒಳ್ಳೆಯದು ಅನ್ನಲು ಇದೂ ಒಂದು ಕಾರಣ. ಆದರೆ ಒಂದು ಎಚ್ಚರಿಕೆ. ಸಲೀಸಾಗಿ ಕತ್ತರಿಸಲು ಬರುವ ಹಿತ್ತಾಳೆಯಲ್ಲಿ ಸುಮಾರು 3 ಶೇಕಡಾ ಸೀಸ ಇರುತ್ತದೆ. ಅರ ಹಾಕಿದ ಮೇಲೆ, ಕೊರೆದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ. ಇಂಥ ಫಿಟ್ಟಿಂಗಿನಿಂದ ಲೋಟ, ಬಟ್ಟಲು ಮಾಡುವುದಂತೂ ಬೇಡವೇ ಬೇಡ. ಸತುವಿನ ಲೇಪ ಇರುವ ಪೈಪಿಗೆ ಬೆಂಕಿ ತೋರಿಸಬೇಡಿ, ಆ ಹೊಗೆ ಉಸಿರಾಡಿದರೆ ಚಳಿ, ಜ್ವರ ಬರಬಹುದು.

ಕೈ ಮತ್ತು ಪಾದ

ಕೈಯ ಕೀಲಿಗೆ ಎರಡು ಹಿತ್ತಾಳೆ ಪಟ್ಟಿ, ನಡುವೆ ಚರ್ಮದ ವಾಷರ್, ಎಂ6 ಬೋಲ್ಟ್, ಸ್ಪ್ರಿಂಗ್ ವಾಷರ್, ರೆಕ್ಕೆ ನಟ್. ಚರ್ಮ ಹಾಕಿದರೆ ಕೀಲು ಜಾರುವುದಿಲ್ಲ, ಕಿರಿಗುಟ್ಟುವುದೂ ಇಲ್ಲ. ಸಡಿಲವಾದರೆ ಕೈಯಲ್ಲೇ ಬಿಗಿ ಮಾಡಬಹುದು.

ತಲೆ ಅರ್ಧ ಕೆಜಿ, ಕಂಬದಿಂದ 30 ಸೆಂ.ಮೀ. ಮುಂದಕ್ಕೆ. ಪೀಠ 20 ಸೆಂ.ಮೀ. ಅಗಲ, ಕಂಬ ನಟ್ಟನಡುವೆ. ಅಂದರೆ ತಲೆ ಪೀಠದ ಅಂಚಿನಿಂದ 20 ಸೆಂ.ಮೀ. ಆಚೆ. ಅಲ್ಲಿಂದ ಬೀಳಿಸುವ ಬಲ (ತೂಕ ಗುಣಿಸು ದೂರ) 10 ಕೆಜಿ-ಸೆಂ.ಮೀ., ಕೈಯ ತೂಕವೂ ಸೇರಿದರೆ ಇನ್ನೂ ಸ್ವಲ್ಪ. ಪೀಠ ಮತ್ತು ಕಂಬದ ತೂಕ ಅಂಚಿನಿಂದ 10 ಸೆಂ.ಮೀ. ಒಳಗೆ ನಿಲ್ಲುತ್ತದೆ, ಹಾಗಾಗಿ ತಡೆಯಲು ಅವೆರಡೂ ಸೇರಿ ಸುಮಾರು 1.1 ಕೆಜಿ ಇದ್ದರೆ ಲೆಕ್ಕಕ್ಕೆ ಸಾಕು. ಆದರೆ ಯಾರಾದರೂ ತಾಗಿಸಿದರೆ ಉರುಳುತ್ತದೆ. ಅದಕ್ಕೆ ಮೂರು ಪಟ್ಟು ಇಟ್ಟುಕೊಂಡೆ, ಮರದ ಕೆಳಗೆ ಉಕ್ಕಿನ ತಟ್ಟೆ ಬಿಗಿದು 3.3 ಕೆಜಿ ದಾಟಿಸಿದೆ. ಈ ಶೈಲಿಯ ವಸ್ತುಗಳು ಭಾರ ಅಂತ ಜನ ದೂರುತ್ತಾರೆ. ಕೈಯಲ್ಲಿ ಹೊತ್ತು ತಿರುಗುವ ವಸ್ತುವಿಗೆ ಆ ದೂರು ಸರಿ. ಹಿತ್ತಾಳೆಯ ಫೋನ್ ಕವರ್ ನಾನೂ ಬಳಸುವುದಿಲ್ಲ. ಇದ್ದಲ್ಲೇ ಇರಬೇಕಾದ ದೀಪಕ್ಕೆ ಮಾತ್ರ ಭಾರವೇ ಬೇಕು.

ಉಕ್ಕಿನ ತಟ್ಟೆಯ ನಾಲ್ಕು ಸ್ಕ್ರೂ ತೆಗೆದರೆ ಸರ್ಕ್ಯೂಟ್ ಸಿಗುತ್ತದೆ. ತಟ್ಟೆಯ ಒಳಮೈಗೆ ಸರ್ಕ್ಯೂಟ್ ಚಿತ್ರ ಬರೆದ ಕಾಗದವನ್ನು ಸ್ಕ್ರೂ ಹಾಕಿ ಇಟ್ಟಿದ್ದೇನೆ. ಫ್ಯೂಸ್ ಎಷ್ಟರದ್ದು, ಶಂಟ್ ಎಷ್ಟರದ್ದು, ಯಾವ ನಟ್ಟಿಗೆ ಯಾವ ಪಾನ ಎಲ್ಲಾ ಅದರಲ್ಲಿದೆ. ಬಿಡಿ ಫ್ಯೂಸ್ ಎರಡು, ಬಿಡಿ 555 ಒಂದು ಪಕ್ಕದಲ್ಲೇ ಇವೆ.

ಮುಂದೆ ಒಂದು ಬದಲಾವಣೆ ಮಾಡಬೇಕು ಅಂತಿದೆ. ಕೈಯ ಹಿಂದಿನ ತುದಿಗೆ ಸರಿದಾಡುವ ಪ್ರತಿತೂಕ ಹಾಕಿದರೆ ಕೈಯನ್ನು 45 ಸೆಂ.ಮೀ.ವರೆಗೂ ಉದ್ದ ಮಾಡಬಹುದು, ಪಾದದ ತೂಕ ಹೆಚ್ಚಿಸಬೇಕಿಲ್ಲ. ಎರಡೂ ತುದಿಗೆ ಮುಚ್ಚಳ ಹಾಕಿದ ದಪ್ಪ ಪೈಪಿನ ತುಂಡಿನೊಳಗೆ ಸೀಸದ ಬದಲು ಉಕ್ಕಿನ ಗುಂಡು ತುಂಬುತ್ತೇನೆ. ಎಷ್ಟು ಗುಂಡು ಬೇಕು ಅಂತ ತೂಗಿ ನೋಡಿ, ಆ ಲೆಕ್ಕವನ್ನೂ ತಟ್ಟೆಯೊಳಗಿನ ಕಾಗದಕ್ಕೆ ಸೇರಿಸುತ್ತೇನೆ.